ಹೋದ ತಿಂಗಳು ವಾಂತಿ ಅಂದೆ, ಈ ತಿಂಗಳು ತಲೆಸುತ್ತು ಅಂತೀಯ!

ಹೆಸರು, ಊರು, ಇನ್ನೊಂದೆರಡು ವಿವರ ಬದಲಾಯಿಸಿದೀನಿ. ಸುಮ ಅಂತ ಇಟ್ಕೊಳ್ಳಿ. ವಯಸ್ಸು 43, ಹೈಸ್ಕೂಲಲ್ಲಿ ಗಣಿತದ ಮೇಡಂ, ಮನೇಲಿ ಗಂಡ, ಅತ್ತೆ, ಆರನೇ ಕ್ಲಾಸಿನ ಮಗಳು. ತಲೆನೋವಿಗೆ ಡಾಕ್ಟ್ರು ಬೇಕು ಅನ್ನೋದು ಅವರಿಗೂ ಗೊತ್ತಿತ್ತು, ಕೌನ್ಸೆಲರ್ ಆದ ನನ್ನ ಹತ್ರ ಬಂದಿದ್ದು ಬೇರೆ ಕಾರಣಕ್ಕೆ. "ನಾನು ನಾಟಕ ಮಾಡ್ತಿದೀನಾ ಅಂತ ಈಗೀಗ ನಂಗೇ ಡೌಟ್ ಬರ್ತಿದೆ" ಅಂದ್ರು.

ಅವರ ಮೈಗ್ರೇನ್ ಕಾಲೇಜು ದಿನದ್ದು. ಮುಟ್ಟಿನ ಹಿಂದೆಮುಂದೆ ಎಡಗಣ್ಣಿನ ಹಿಂದೆ ಶುರುವಾಗಿ, ವಾಂತಿಯಾಗಿ, ಕತ್ತಲೆ ರೂಮಲ್ಲಿ ಮಲಗೆದ್ರೆ ಮಾರನೇ ದಿನ ಸರಿ. ಇಪ್ಪತ್ತು ವರ್ಷ ಅದು ಹೀಗೇ ಇತ್ತು, ಮನೆಯವ್ರಿಗೂ ಒಗ್ಗಿಹೋಗಿತ್ತು, ಅತ್ತೆ "ಪಿತ್ತ ಏರಿದೆ" ಅಂತ ನಿಂಬೆಹಣ್ಣು ಕುಯ್ದು ಕೊಟ್ಟು ಬಾಗಿಲು ಮುಚ್ಕೊಂಡು ಹೋಗೋರು. ಒಂದೂವರೆ ವರ್ಷದಿಂದ ಎಲ್ಲ ಏರುಪೇರು. ಒಂದ್ಸಲ ನೋವೇ ಇಲ್ಲ, ಬೋರ್ಡ್ ಮುಂದೆ ನಿಂತಾಗ ನೆಲ ಓಲಾಡಿದಂಗೆ. ಇನ್ನೊಂದ್ಸಲ ಕಣ್ಣ ಮುಂದೆ ಮಿಣಮಿಣ ಹೊಳೆಯೋ ಅಂಕುಡೊಂಕು ಗೆರೆ ಬಂದು, ತಾವೇ ಬರೆದ ಸಮೀಕರಣದ ಬಲಗಡೆ ಅರ್ಧ ಕಾಣ್ಲಿಲ್ಲ, ಇಪ್ಪತ್ತು ನಿಮಿಷಕ್ಕೆ ತಾನಾಗೇ ಹೋಯ್ತು. ಮತ್ತೊಂದಿನ ಪೈಥಾಗೊರಸ್ ಪಾಠ ಮಾಡ್ತಾ "ವಿಕರ್ಣ" ಅನ್ನೋ ಪದ ಬಾಯಿಗೆ ಬರ್ಲೇ ಇಲ್ಲ, ಹುಡುಗ್ರು ತಾವೇ ಹೇಳಿ ನಕ್ರಂತೆ. ಅದನ್ನ ಹೇಳುವಾಗ ಸುಮ ಅತ್ಬಿಟ್ರು, ನೋವಿನ ಬಗ್ಗೆ ಹೇಳುವಾಗ ಅತ್ತಿರ್ಲಿಲ್ಲ.

ಮಾತು ತಡವರಿಸಿದ್ದು, ಕಣ್ಣು ಮಂಜಾಗಿದ್ದು ಕೇಳಿದ್ಮೇಲೆ ಕೌನ್ಸೆಲಿಂಗ್ ಪಕ್ಕಕ್ಕಿಟ್ಟು ನ್ಯೂರಾಲಜಿಸ್ಟ್ ಹತ್ರ ಕಳಿಸ್ದೆ. ಇದನ್ನ ಓದ್ತಿರೋರಿಗೂ ಅಷ್ಟೇ, ಹಳೇ ಮೈಗ್ರೇನ್ ಇದೆ ಅಂದ್ಮಾತ್ರಕ್ಕೆ ಹೊಸ ಲಕ್ಷಣನೆಲ್ಲ ಅದರ ತಲೆಗೇ ಕಟ್ಬೇಡಿ. ಇದ್ದಕ್ಕಿದ್ದಂತೆ ಸಿಡಿಲು ಬಡಿದಂಗೆ ಬರೋ ತಲೆನೋವು, ಕೈಕಾಲು ಸೋಲೋದು, ಮೊದಲನೇ ಸಲ ಮಾತು ತೊದಲೋದು, ಜ್ವರದ ಜೊತೆ ಕುತ್ತಿಗೆ ಬಿಗಿಯೋದು, ಇವಕ್ಕೆಲ್ಲ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ಸುಮ ಅವರದ್ದು ಸ್ಕ್ಯಾನ್ ನಾರ್ಮಲ್ ಬಂತು. ಡಾಕ್ಟ್ರು ಹೇಳಿದ್ದು ಎಲ್ಲಾ ಮೈಗ್ರೇನೇ ಅಂತ. ಕಣ್ಣಿನ ಗೆರೆ, ಪದ ಸಿಗದಿರೋದು 'ಆರಾ', ಅಂದ್ರೆ ಮೈಗ್ರೇನಲ್ಲಿ ಸ್ವಲ್ಪ ಹೊತ್ತು ಬಂದು ತಾನಾಗೇ ಹೋಗೋ ಇಂಥ ಲಕ್ಷಣ, ಅದು ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತೆ, ತಲೆನೋವು ಬರ್ದೇನೂ ಆರಾ ಬರಬಹುದು. ನೆಲ ಓಲಾಡೋದು ವೆಸ್ಟಿಬ್ಯುಲರ್ ಮೈಗ್ರೇನ್, ಅಂದ್ರೆ ತಲೆಸುತ್ತಾಗಿ ಬರೋ ಮೈಗ್ರೇನ್. ಮುಟ್ಟು ನಿಲ್ಲೋ ಮುಂಚಿನ ವರ್ಷಗಳಲ್ಲಿ ಈಸ್ಟ್ರೋಜನ್ ಹಾರ್ಮೋನ್ ಏರಿಳಿಯೋದ್ರಿಂದ ಎಷ್ಟೋ ಹೆಂಗಸ್ರಿಗೆ ಹೀಗೆ ಹೆಚ್ಚಾಗುತ್ತೆ. ಒಂದೇ ನೆಂಟ ದಿನಕ್ಕೊಂದು ಬಟ್ಟೆ ಹಾಕ್ಕೊಂಡು ಬಂದಂಗೆ.

ಆದ್ರೆ ಮನೇಲಿ ಅದನ್ನ ಯಾರು ನಂಬ್ಬೇಕು. ಗಂಡ ಕೆಟ್ಟೋರಲ್ಲ, ಆದ್ರೆ ಅವ್ರಿಗೆ ಗೊತ್ತಿದ್ದ ಕಾಯಿಲೆಗೆ ಒಂದು ರೂಪ ಇತ್ತು, ಹೊಸ ರೂಪಕ್ಕೆಲ್ಲ "ಹೋದ ತಿಂಗಳು ವಾಂತಿ ಅಂದೆ, ಈಗ ತಲೆಸುತ್ತು ಅಂತೀಯ" ಅಂತ ಶುರು ಮಾಡಿದ್ರು, ಇವ್ರು ಪ್ರತಿ ಸಲ ಸಾಕ್ಷಿ ಹೇಳೋ ಥರ ವಿವರಿಸೋದು, ಮಾತಲ್ಲೇ ಸುಸ್ತಾಗೋದು. ನಿಮ್ಹಾನ್ಸ್‌ನವರು ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ಮಾಡಿ 2015ರಲ್ಲಿ ಪ್ರಕಟಿಸಿದ ಸರ್ವೇಲಿ ನಾಲ್ಕು ಜನ ವಯಸ್ಕರಲ್ಲಿ ಒಬ್ಬರಿಗೆ ವರ್ಷದಲ್ಲಿ ಮೈಗ್ರೇನ್ ಬಂದಿರುತ್ತೆ ಅಂತ ಸಿಕ್ಕಿತ್ತು, ಇಷ್ಟು ಜನರಿಗಿರೋ ಕಾಯಿಲೆಗೆ ಇಷ್ಟು ಸಾಕ್ಷಿ ಯಾಕೆ ಕೇಳ್ತೀವೋ.

ನಾನು ಮೊದಲು ಹೇಳಿದ್ದು, ಲಕ್ಷಣ ವಿವರಿಸೋದು ಡಾಕ್ಟ್ರ ಹತ್ರ ಮಾತ್ರ ಇರಲಿ, ಮನೇಲಿ "ಇವತ್ತು ನನ್ನ ಕೈಲಿ ಎಷ್ಟಾಗುತ್ತೆ" ಅನ್ನೋದನ್ನ ಮಾತ್ರ ಹೇಳಿ. ಪೂರ್ತಿ, ಅರ್ಧ, ಸೊನ್ನೆ. ಅರ್ಧ ಅಂದ್ರೆ ಸ್ಕೂಲಿಗೆ ಹೋಗ್ತೀನಿ, ರಾತ್ರಿ ಅಡುಗೆ ಗಂಡಂದು. ಸೊನ್ನೆ ಅಂದ್ರೆ ಯಾರೂ ಏನೂ ಕೇಳೋ ಹಾಗಿಲ್ಲ. ಗಂಡನ್ನ ಕರೆಸಿ "ಏನಾಗ್ತಿದೆ ಅಂತ ಕೇಳ್ಬೇಡಿ, ಎಷ್ಟು ಅಂತ ಕೇಳಿ" ಅಂದೆ. ಅವ್ರಿಗಿಂತ ಮುಂಚೆ ಮಗಳು ಕಲಿತ್ಲು, ಬೆಳಿಗ್ಗೆ ಅಮ್ಮನ ಮುಖ ನೋಡಿ ಬೆರಳಲ್ಲಿ ಸೊನ್ನೆ ತೋರ್ಸಿ ಹುಬ್ಬು ಹಾರಿಸ್ತಾಳಂತೆ.

ಎರಡನೇದು ಲೆಕ್ಕ. ಗೋಡೆ ಮೇಲೆ ಹಾಲು, ಗ್ಯಾಸ್ ಗುರುತು ಹಾಕೋ ಕ್ಯಾಲೆಂಡರಲ್ಲೇ ದಿನದ ಪೂರ್ತಿ-ಅರ್ಧ-ಸೊನ್ನೆ, ಮುಟ್ಟು, ಮಾತ್ರೆ ಮೂರನ್ನೇ ಬರೀರಿ ಅಂದೆ. ತಿಂಗಳಾದ್ಮೇಲೆ ನೋಡಿದ್ರೆ ಮಾತ್ರೆ ಗುರುತೇ ಜಾಸ್ತಿ! ಪೇರೆಂಟ್ಸ್ ಮೀಟಿಂಗ್ ಇದೆ ಅಂತ ಒಂದು, ನಾಮಕರಣ ಇದೆ ಅಂತ ಒಂದು, ನೋವು ಬರೋ ಮುಂಚೆನೇ ಭಯಕ್ಕೆ ನುಂಗಿರೋದು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನಿಗೇ ಅಂತ ಇರೋ ಮಾತ್ರೆ) ಅಥವಾ ಎರಡು ಮೂರು ಔಷಧಿ ಸೇರಿಸಿರೋ ಮಿಕ್ಸ್ ಮಾತ್ರೆ 10 ದಿನ ಮುಟ್ಟಿ, ಮೂರು ತಿಂಗಳಿಗಿಂತ ಜಾಸ್ತಿ ಹಾಗೇ ನಡೆದ್ರೆ ಮಾತ್ರೆಯಿಂದ್ಲೇ ತಲೆನೋವು ಹೆಚ್ಚಾಗುತ್ತೆ. ಮೆಡಿಕಲ್ ಶಾಪಲ್ಲಿ ಸ್ಟ್ರಿಪ್ ಕೇಳಿದ ತಕ್ಷಣ ಕೊಡೋ ನಮ್ಮೂರುಗಳಲ್ಲಿ ಇದನ್ನ ಹೇಳೋರು ಕಮ್ಮಿ. ಕ್ಯಾಲೆಂಡರ್ ಫೋಟೋ ತೆಗ್ದು ಡಾಕ್ಟ್ರಿಗೆ ತೋರ್ಸಿ ಅಂದೆ, ಅವ್ರು ಮಾತ್ರೆ ನಿಲ್ಲಿಸಿದ್ರು, ಮೊದಲ ಒಂದು ವಾರ ನರಕ ಅಂತಾನೂ ಎಚ್ಚರಿಸಿದ್ರು, ದಸರಾ ರಜೆ ನೋಡ್ಕೊಂಡು ಮಾಡಿದ್ದಕ್ಕೆ ಹೇಗೋ ದಾಟಿತು.

ಆಮೇಲೆ ಬಂದಿದ್ದು ನಾನು ಊಹಿಸದ ಗಲಾಟೆ. ಮೈಗ್ರೇನ್ ಬರದಂಗೆ ತಡೆಗಟ್ಟೋಕೆ ಅಂತ ಡಾಕ್ಟ್ರು, ಸುಮ ಅವ್ರಿಗೆ ವೀಸಿಂಗ್ ಇರೋದ್ರಿಂದ ಅದಕ್ಕೆ ಆಗದ ಪ್ರೊಪ್ರನೊಲಾಲ್ ಮಾತ್ರೆ ಬಿಟ್ಟು ಅಮಿಟ್ರಿಪ್ಟಿಲಿನ್ ಬರೆದಿದ್ರು. ಸುಮ ಗೂಗಲ್ ಮಾಡಿ, ಡಿಪ್ರೆಶನ್ ಮಾತ್ರೆ ಅಂತ ಓದಿ, "ಅಲ್ಲಿಗೆ ಡಾಕ್ಟ್ರೂ ನಂದು ಮನಸ್ಸಿಂದು ಅಂದಂಗಾಯ್ತಲ್ಲ" ಅಂತ ಮಾತ್ರೆ ಡಬ್ಬಿನೇ ತೆಗೀಲಿಲ್ಲ. ಡಿಪ್ರೆಶನ್ನಿಗೆ ಕೊಡೋದಕ್ಕಿಂತ ತುಂಬಾ ಕಮ್ಮಿ ಡೋಸಲ್ಲಿ ಇದನ್ನ ಮೈಗ್ರೇನಿಗೆ ಎಷ್ಟೋ ವರ್ಷದಿಂದ ಕೊಡ್ತಾರೆ, ಕೆಲಸ ಮಾಡ್ತಿದ್ಯಾ ಅಂತ ಗೊತ್ತಾಗೋಕೇ ಎರಡು ತಿಂಗಳು ಬೇಕು ಅಂತ ಡಾಕ್ಟ್ರ ಹತ್ರಾನೇ ಫೋನಲ್ಲಿ ಹೇಳಿಸ್ಬೇಕಾಯ್ತು. ನಾನೂ ಒಂದು ಮಾತು ಸೇರಿಸ್ದೆ: ಭಯ, ಬೇಜಾರು ನಿಮಗಿದೆ, ಅದು ಕಾಯಿಲೆಯ ಜೊತೆ ಬಂದಿದ್ದು, ಅದಿದೆ ಅಂತ ಕಾಯಿಲೆ ಸುಳ್ಳಾಗಲ್ಲ.

ಊಟದ ವಿಷಯ ಬೇಗ ಮುಗಿಸ್ತೀನಿ. ನೆಂಟರ ಮಾತು ಕೇಳಿ ಮೊಸರು, ಬಾಳೆಹಣ್ಣು, ಬದನೆ, ಕಡಲೆಕಾಯಿ ಎಲ್ಲಾ ಬಿಟ್ಟಿದ್ರು, ಚಾಕ್ಲೇಟ್ ತಿಂದಾಗೆಲ್ಲ ಬರುತ್ತೆ ಅಂತ ಅದೂ ಬಂದ್. ಹಲವರಿಗೆ ನೋವಿನ ಹಿಂದಿನ ದಿನ ಆಕಳಿಕೆ, ಕುತ್ತಿಗೆ ಬಿಗಿತ, ಸಿಹಿ ತಿನ್ನೋ ಆಸೆ ಬರುತ್ತೆ, ಅಂದ್ರೆ ಅಟ್ಯಾಕ್ ಆಗ್ಲೇ ಶುರುವಾಗಿದೆ, ಚಾಕ್ಲೇಟ್ ಪಾಪ ನಡುವೆ ಸಿಕ್ಕಾಕ್ಕೊಂಡಿದ್ದು. ಅವರ ಕ್ಯಾಲೆಂಡರಲ್ಲಿ ಎದ್ದು ಕಂಡಿದ್ದು ಸಂಕಷ್ಟಿ ಉಪವಾಸ, ಚಂದ್ರ ಕಾಣೋವರ್ಗೂ ಖಾಲಿ ಹೊಟ್ಟೆ, ಮಾರನೇ ದಿನ ಸೊನ್ನೆ. ಅತ್ತೆ ಹತ್ರ ನಾನೇ ಮಾತಾಡ್ದೆ, ಹಾಲು ಹಣ್ಣಿಗೆ ಒಪ್ಪಿದ್ರು, "ಗಣಪತಿಗೇನು ಕೋಪ ಬರಲ್ಲ, ಆದ್ರೆ ನಮ್ಮ ಕಾಲದಲ್ಲಿ..." ಅಂತ ಒಂದು ಗಂಟೆ ಕೇಳಿಸ್ಕೊಂಡ್ಮೇಲೆ.

ಈಗ ಸೊನ್ನೆ ದಿನ ಕಮ್ಮಿಯಾಗಿದೆ, ಅರ್ಧ ದಿನ ಇನ್ನೂ ಬೇಕಾದಷ್ಟಿದೆ, ಹೋದ ತಿಂಗಳು ಏನೂ ಇಲ್ದೆ ಈ ತಿಂಗಳು ಒಂದೇ ವಾರದಲ್ಲಿ ಎರಡು ಬಂತು. ಮದುವೆ, ಫಂಕ್ಷನ್‌ಗಳಿಗೆ "ಬರಲ್ಲ" ಅಂತ ಮುಂಚೆನೇ ಹೇಳೋದು ಬಿಟ್ಟು "ಬರ್ತೀನಿ, ಬೆಳಿಗ್ಗೆ ಸೊನ್ನೆ ಆದ್ರೆ ಫೋನ್ ಮಾಡ್ತೀನಿ" ಅಂತ ಹೇಳೋದು ರೂಢಿ ಮಾಡ್ತಿದೀವಿ. ಸ್ಕೂಲಲ್ಲಿ ಹೆಡ್ಮಿಸ್‌ಗೆ ಕಾಯಿಲೆ ಪುರಾಣ ಹೇಳದೆ ಎರಡೇ ಕೇಳಿ ಅಂದಿದ್ದೆ, ಬಿಸಿಲು ಹೊಡೆಯದ ರೂಮು, ಬೇಕಾದಾಗ ಪೀರಿಯಡ್ ಅದಲುಬದಲು. ರೂಮು ಸಿಕ್ಕಿದೆ, ಎರಡನೇದಕ್ಕೆ ಇನ್ನೂ ಉತ್ತರ ಬಂದಿಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗೋದಾ ಬೇಡ್ವಾ ಅಂತ ಮುಂದಿನ ಸಲ ಮಾತಾಡ್ಬೇಕು. ಅವ್ರಿಗೆ ಹೋಗೋ ಆಸೆ ಇದೆ, ಗಂಡ ಬೇಡ ಅಂತಿದಾರೆ, ನನಗೇನೋ ಹೋಗ್ಲಿ ಅನ್ಸುತ್ತೆ.