ಪೇಟೆ ಮುಚ್ಚಿದ ಮೇಲೂ ಮುಗಿಯದ ದಿನ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕುಟುಂಬದ ಕೆಲವು ವಿವರಗಳನ್ನು ಬದಲಿಸಿ, ದಂಪತಿಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮನೆಯಲ್ಲೇ ಕುಳಿತು ಷೇರುಪೇಟೆಯ ವಹಿವಾಟನ್ನೇ ಪೂರ್ಣಾವಧಿ ಉದ್ಯೋಗ ಮಾಡಿಕೊಂಡವರು ಕೊಡಗಿನಲ್ಲಿಯೂ ಈಗ ಅಪರೂಪವಲ್ಲ. ಅವರು ನನ್ನಲ್ಲಿಗೆ ಬಂದಾಗ ನಷ್ಟದ ಮಾತನ್ನು ಮೊದಲಿಗೇ ಎತ್ತುವುದಿಲ್ಲ; ನಿದ್ದೆ ಬರುತ್ತಿಲ್ಲ, ಹೊಟ್ಟೆ ಉರಿ ಕಡಿಮೆಯಾಗುತ್ತಿಲ್ಲ, ಮಕ್ಕಳ ಮೇಲೆ ವಿನಾಕಾರಣ ರೇಗುತ್ತಿದ್ದೇನೆ ಎಂದು ಆರಂಭಿಸುತ್ತಾರೆ.

ಈ ದಂಪತಿಯಲ್ಲಿ ಪತಿಗೆ ವಯಸ್ಸು ನಲವತ್ತರ ಆಸುಪಾಸು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದವರು ಕೊರೊನಾ ಕಾಲದಲ್ಲಿ ಊರಿಗೆ ಬಂದರು. ಅಷ್ಟರಲ್ಲಿ ತಂದೆ ತೀರಿಕೊಂಡು ತೋಟಕ್ಕೆ ದಿಕ್ಕಿಲ್ಲದಂತಾಗಿದ್ದರಿಂದ ಹಿಂತಿರುಗಲಿಲ್ಲ. 2020ರ ಮಾರ್ಚ್‌ನಲ್ಲಿ ಕುಸಿದಿದ್ದ ಷೇರುಪೇಟೆ ಮುಂದಿನ ಒಂದೂವರೆ ವರ್ಷ ಏರುತ್ತಲೇ ಹೋದ ಕಾಲವದು. ಆಗ ಯಾವ ಷೇರು ಕೊಂಡರೂ ಲಾಭ ಕಾಣುತ್ತಿತ್ತು. ಆ ಲಾಭ ತಮ್ಮ ಕೈಗುಣವೆಂದೇ ನಂಬಿ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಷೇರು ಕೊಂಡು ಇಟ್ಟುಕೊಳ್ಳುವುದರಿಂದ ತಿಂಗಳ ಖರ್ಚು ಹುಟ್ಟುವುದಿಲ್ಲವೆಂದು ತಿಳಿದ ಮೇಲೆ, ಷೇರು ಅಥವಾ ಸೂಚ್ಯಂಕದ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ನಿಗದಿತ ಅವಧಿಯ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದರು. ಪತ್ನಿ ಹತ್ತಿರದ ಪಟ್ಟಣದ ಶಾಲೆಯೊಂದರಲ್ಲಿ ಶಿಕ್ಷಕಿ. ಮನೆಯಲ್ಲಿ ಪತಿಯ ತಾಯಿ ಮತ್ತು ಒಂಬತ್ತು ವರ್ಷದ ಮಗಳಿದ್ದಾರೆ.

ಮೊದಲ ಭೇಟಿಯಲ್ಲಿ ನಾನು ಕೇಳಿದ್ದು ಅವರ ಒಂದು ದಿನದ ವಿವರವನ್ನು. ನಮ್ಮ ಪೇಟೆ ಹೇಗೆ ಆರಂಭವಾಗಬಹುದೆಂಬ ಸುಳಿವು ಕೊಡುವ ಗಿಫ್ಟ್ ನಿಫ್ಟಿ ಬೆಳಿಗ್ಗೆ ಆರೂವರೆಗೆ ತೆರೆಯುವಾಗಲೇ ಹಾಸಿಗೆಯಲ್ಲಿ ಮೊಬೈಲ್ ಕೈಗೆ ಬರುತ್ತದೆ. ಒಂಬತ್ತರಿಂದ ಪೂರ್ವಭಾವಿ ಅವಧಿ, ಒಂಬತ್ತೂಕಾಲರಿಂದ ಮೂರೂವರೆಯವರೆಗೆ ವಹಿವಾಟು. ಆ ಹೊತ್ತಿನಲ್ಲಿ ಅವರು ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾರೆ. ತಾಯಿ ಕಾಫಿ ಲೋಟವನ್ನು ಬಾಗಿಲ ಹೊರಗೆ ಇಟ್ಟು, ಒಮ್ಮೆ ಮೆಲ್ಲಗೆ ತಟ್ಟಿ ಇಳಿದುಬಿಡುತ್ತಾರೆ. ಒಳಗೆ ಹೋಗಿ ಮಾತನಾಡಿಸಿದರೆ ಮಗ ಸಿಡುಕುತ್ತಾನೆಂಬ ಭಯ ಆಕೆಗೆ. ಸಂಜೆ ಚಾರ್ಟ್‌ಗಳ ಅಭ್ಯಾಸ. ಏಳೋ ಎಂಟೋ ಗಂಟೆಗೆ ಅಮೆರಿಕದ ಪೇಟೆ ತೆರೆದರೆ ಮಧ್ಯರಾತ್ರಿಯವರೆಗೂ ಅದರ ಮೇಲೆ ಕಣ್ಣು. ನಿಫ್ಟಿ ಸೂಚ್ಯಂಕದ ವಾರದ ಎಕ್ಸ್‌ಪೈರಿ, ಅಂದರೆ ಒಪ್ಪಂದಗಳ ಅವಧಿ ಮುಗಿಯುವ ದಿನ, ಮಂಗಳವಾರಕ್ಕೆ ಬಂದ ಮೇಲೆ ಮಗಳು ಆ ದಿನ ಶಾಲೆಗೆ ಹೊರಡುವಾಗ, "ಅಜ್ಜಿ, ಇವತ್ತು ಅಪ್ಪನ ಎಕ್ಸ್‌ಪೈರಿ, ಟಿವಿ ಹಾಕಬೇಡಿ" ಎಂದು ಹೇಳಿ ಹೋಗುತ್ತಿದ್ದಳಂತೆ. ಪತ್ನಿ ಇದನ್ನು ಹೇಳಿದಾಗ ಅವರು ತಲೆ ತಗ್ಗಿಸಿದರು. ಅಂಗಡಿಯವನಿಗೆ ಬಾಗಿಲು ಹಾಕುವ ಹೊತ್ತೊಂದಿರುತ್ತದೆ, ಕಚೇರಿಯವನಿಗೆ ಮಾತಿಗೊಬ್ಬ ಸಹೋದ್ಯೋಗಿಯಿರುತ್ತಾನೆ. ಒಂಟಿಯಾಗಿ ವಹಿವಾಟು ನಡೆಸುವ ಇವರಿಗೆ ಎರಡೂ ಇರಲಿಲ್ಲ.

ಕಳೆದ ಮಳೆಗಾಲದ ಘಟನೆಯೊಂದನ್ನು ಅವರು ಬಹಳ ತಡವಾಗಿ ಹೇಳಿದರು. ಮನೆಯಲ್ಲಿ ಇನ್ವರ್ಟರ್ ಇತ್ತು, ಎರಡು ಬೇರೆ ಕಂಪನಿಗಳ ಸಿಮ್‌ಗಳೂ ಇದ್ದವು. ಗಾಳಿಮಳೆಗೆ ಮರ ಬಿದ್ದು ಎರಡು ದಿನದಿಂದ ಕರೆಂಟ್ ಇರದ ಆ ಬೆಳಿಗ್ಗೆ ಮೊದಲು ಇನ್ವರ್ಟರ್ ಬರಿದಾಯಿತು, ಬಳಿಕ ಎರಡೂ ಫೋನ್‌ಗಳಲ್ಲಿ ಸಿಗ್ನಲ್ ಹೋಯಿತು. ಅಷ್ಟರಲ್ಲಿ ಅವರು ಸ್ಟಾಪ್‌ಲಾಸ್ (ನಷ್ಟ ಒಂದು ಮಿತಿ ಮುಟ್ಟಿದರೆ ವಹಿವಾಟನ್ನು ತಾನಾಗಿಯೇ ಮುಚ್ಚುವ ಆದೇಶ) ಹಾಕದೆ ಆಪ್ಷನ್ ಮಾರಿಯಾಗಿತ್ತು. ಜೀಪು ಹತ್ತಿ, ಸಿಗ್ನಲ್ ಸಿಗುವ ಏರಿಗೆ ತಲಪುವಷ್ಟರಲ್ಲಿ ಪತ್ನಿಯ ಕೆಲವು ತಿಂಗಳ ಸಂಬಳದಷ್ಟು ಹಣ ಹೋಗಿತ್ತು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಅಂದಿನಿಂದ ಅವರ ವಹಿವಾಟು ಗಳಿಕೆಯ ಗುರಿ ಬಿಟ್ಟು ಕಳೆದದ್ದನ್ನು ಮರಳಿ ಕೀಳುವ ಹಟವಾಯಿತು. ಬೀರುವಿನಲ್ಲಿದ್ದ ಪತ್ನಿಯ ಒಡವೆ ಸಹಕಾರ ಸಂಘದಲ್ಲಿ ಅಡಮಾನಕ್ಕೆ ಹೋದದ್ದು ಆ ಹಟದಲ್ಲಿ. ಸಂಬಂಧಿಕರ ಮದುವೆಗೆ ಹೊರಡುವ ದಿನ ಆಕೆ ಬೀರು ತೆರೆದಾಗ ವಿಷಯ ಹೊರಬಿತ್ತು.

ಹಣದ ಮಾತಿಗೆ ಮೊದಲು ನಾನು ಜೀವದ ಮಾತನ್ನು ಕೇಳಿದೆ. ಸಾಯಬೇಕೆಂದು ಅನ್ನಿಸಿದೆಯೇ ಎಂದು ನೇರವಾಗಿಯೇ ಕೇಳಬೇಕು; ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. "ಎಲ್ಲಾದರೂ ಹೊರಟುಹೋಗಬೇಕು ಅನ್ನಿಸುತ್ತೆ ಮೇಡಂ, ಅದಕ್ಕಿಂತ ಮುಂದೆ ಹೋಗಿಲ್ಲ" ಎಂದರು. ಆದರೂ ಅಂದೇ ಮನೆಯ ಕೋವಿಯನ್ನು ಅಣ್ಣನ ಮನೆಯಲ್ಲಿಡಲು, ತೋಟದ ಔಷಧಿಯ ಗೋದಾಮಿನ ಬೀಗದ ಕೈ ಬೇರೆಯವರ ಬಳಿ ಇರಿಸಲು ಒಪ್ಪಿಸಿದೆ. ಕೊಡಗಿನ ಮನೆಗಳಲ್ಲಿ ಇವೆರಡೂ ಕೈಗೆಟುಕುವಂತೆಯೇ ಇರುತ್ತವೆ. ಸಂಕಟದ ಕೆಲವು ವಾರಗಳಲ್ಲಿ ಅವು ದೂರವಿರುವುದು ದೊಡ್ಡ ರಕ್ಷಣೆ. ನಿದ್ದೆಯ ತೊಂದರೆಗೆ ಮನೋವೈದ್ಯರನ್ನು ಕಾಣಲು ಕಳುಹಿಸಿ, ಹೊತ್ತಲ್ಲದ ಹೊತ್ತಿನಲ್ಲಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ಅದು ಉಚಿತ, ಹಗಲು ರಾತ್ರಿ ಕನ್ನಡದಲ್ಲಿಯೂ ಸಿಗುತ್ತದೆ.

ಅಂಕಿ-ಅಂಶ ತೋರಿಸಿ ಇಂಥವರ ಮನಸ್ಸನ್ನು ಬದಲಿಸಬಹುದೆಂದು ಮನೆಯವರು ನಂಬುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು; ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಇದು ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. "ಉಳಿದ ಏಳು ಜನರಲ್ಲಿ ನಾನೊಬ್ಬ ಆಗ್ತೀನಿ ಅಂತಲೇ ಕೂತಿದ್ದು" ಎಂದರು. ಹೀಗಾಗಿ ದೇಶದ ಲೆಕ್ಕವನ್ನು ಬದಿಗಿಟ್ಟು ಅವರದೇ ಲೆಕ್ಕವನ್ನು ತರಲು ಹೇಳಿದೆ: ಬ್ರೋಕರ್ ಕೊಡುವ ವಾರ್ಷಿಕ ಲಾಭ-ನಷ್ಟದ ಪಟ್ಟಿ, ಅದೂ ಮುದ್ರಿಸಿ, ಪತ್ನಿಯ ಎದುರಿನಲ್ಲಿ. ಆಕೆ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಹೋಗಿ, ಶುಲ್ಕಗಳ ಬಳಿ ನಿಂತು, "ಇದು ಯಾರಿಗೆ ಕೊಟ್ಟ ದುಡ್ಡು?" ಎಂದು ಕೇಳಿದರು. ದಲ್ಲಾಳಿ ಶುಲ್ಕ, ವಹಿವಾಟು ತೆರಿಗೆ, ಜಿಎಸ್‌ಟಿ ಎಲ್ಲ ಸೇರಿದ ಆ ಮೊತ್ತವನ್ನು ಅವರು ಎಂದೂ ಕೂಡಿ ನೋಡಿರಲಿಲ್ಲ. ಗೆದ್ದ ದಿನಗಳು ನೆನಪಿನಲ್ಲಿದ್ದವು, ಸೋತ ದಿನಗಳು ಬ್ರೋಕರ್‌ನ ಕಡತದಲ್ಲಿ ಮಾತ್ರ ಇದ್ದವು.

ಇದು ಉದ್ಯೋಗವೋ ಗೀಳೋ ಎಂದು ಇಬ್ಬರೂ ನನ್ನ ಬಾಯಿಂದ ತೀರ್ಪು ಬಯಸಿದರು. ನಷ್ಟದ ಗಾತ್ರದಿಂದ ಅದನ್ನು ಅಳೆಯಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಫಿ ಬೆಳೆಗಾರನೂ ಬೆಲೆ ಬಿದ್ದ ವರ್ಷ ಕಳೆದುಕೊಳ್ಳುತ್ತಾನೆ, ಆದರೆ ಆ ನಷ್ಟ ಮನೆಮಂದಿಗೆಲ್ಲ ಗೊತ್ತಿರುತ್ತದೆ. ಮುಚ್ಚಿಡುವುದು, ಸೋತದ್ದನ್ನು ಅಂದೇ ಗೆಲ್ಲಲು ಮೊತ್ತ ಏರಿಸುವುದು, ಸಾಲ ತಂದು ಆಡುವುದು, ಬಿಟ್ಟರೆ ಚಡಪಡಿಸುವುದು, ಇವು ಜೂಜಿನ ಗೀಳಿನ ಲಕ್ಷಣಗಳು, ನಾಲ್ಕೂ ಅವರಲ್ಲಿದ್ದವು. ಇದನ್ನು ಅವರಿಗೆ ಮರೆಮಾಚದೆ ಹೇಳಿದೆ. ಸ್ಕ್ರೀನ್ ಮುಂದೆ ಕುಳಿತು ಮಾಡುವುದೂ ಕೆಲಸವೇ ಎಂದು ಅವರು ವಾದಿಸಿದಾಗ ನಾನು ಒಪ್ಪಿದೆ. ಕೆಲಸವೆಂದಾದರೆ ಅದಕ್ಕೆ ನಿಗದಿತ ಬಂಡವಾಳ, ರಜೆ, ಮನೆಗೆ ಒಪ್ಪಿಸುವ ಲೆಕ್ಕ ಎಲ್ಲವೂ ಇರಬೇಕೆಂದೆ.

ಕಾಫಿ ಕುಯಿಲು ಮುಗಿಯುವವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗವನ್ನು ಬ್ರೋಕರ್ ಖಾತೆಯಲ್ಲೇ ನಿಷ್ಕ್ರಿಯಗೊಳಿಸಿ, ಬೆಳಿಗ್ಗೆ ತೋಟದಲ್ಲಿ, ಸಂಜೆ ಕಣದಲ್ಲಿ ಇರಬೇಕು ಎಂಬುದು ಮೊದಲ ಸಲಹೆ. ಮಲಗುವ ಕೋಣೆಗೆ ಫೋನ್ ಬಾರದು. ಮುಂದೆ ಮರಳುವುದಾದರೆ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ, ಪೂರ್ತಿ ಹೋದರೂ ಮನೆ ನಡೆಯುವಷ್ಟೇ ಹಣ. ಒಂದು ರೂಪಾಯಿಯೂ ಸಾಲದ್ದಾಗಿರಬಾರದು. ತಿಂಗಳ ನಷ್ಟ ಒಪ್ಪಿದ ಮಿತಿ ಮುಟ್ಟಿದರೆ ಆ ತಿಂಗಳು ಬಾಗಿಲು ಬಂದ್. ಈ ನಷ್ಟ ತೆರಿಗೆಯ ದೃಷ್ಟಿಯಲ್ಲಿ ವ್ಯಾಪಾರದ ನಷ್ಟ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ, ಮುಂದಿನ ವ್ಯಾಪಾರದ ಲಾಭದಲ್ಲಿ ಕಳೆಯಲು ಅದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಸಂಕೋಚದಿಂದ ಅವರು ಅದನ್ನು ತೋರಿಸಿಯೇ ಇರಲಿಲ್ಲವಾದ್ದರಿಂದ ಲೆಕ್ಕಪರಿಶೋಧಕರನ್ನು ಕಾಣಲು ಹೇಳಿದೆ.

ಪತ್ನಿಗೆ ಹೇಳಿದ್ದು ಬೇರೆ. ಗಂಡನ ಫೋನ್ ತಡಕುವ ಕಾವಲು ಕೆಲಸ ಬೇಡ. ಅದು ಅವರನ್ನು ಇನ್ನಷ್ಟು ಮುಚ್ಚಿಡಲು ಕಲಿಸುತ್ತದೆ, ಆಕೆಯ ನೆಮ್ಮದಿಯನ್ನೂ ಕೆಡಿಸುತ್ತದೆ. ಸಂಬಳದ ಖಾತೆ ಆಕೆಯ ಕೈಯಲ್ಲೇ ಇರಲಿ, ಯಾವ ಸಾಲಕ್ಕೂ ಸಹಿ ಹಾಕುವುದು ಬೇಡ, ತಿಂಗಳಿಗೊಮ್ಮೆ ಇಬ್ಬರೂ ಪಟ್ಟಿಯೆದುರು ಕುಳಿತು ಲೆಕ್ಕ ನೋಡಲಿ. ಅಷ್ಟು ಸಾಕು.

ಒಡವೆ ಬಿಡಿಸುವ ವಿಷಯದಲ್ಲಿ ನನ್ನ ಕೋಣೆಯಲ್ಲೇ ಜಗಳವಾಯಿತು. ರೊಬಸ್ಟಾ ಚೆರಿಯನ್ನು (ಒಣಗಿಸಿದ ಕಾಫಿ ಹಣ್ಣನ್ನು) ಬೆಲೆ ಏರುವವರೆಗೆ ಹಿಡಿದಿಡೋಣವೆಂದು ಅವರು, ಅದೂ ಇನ್ನೊಂದು ಟ್ರೇಡ್ ಎಂದು ಪತ್ನಿ. ಆಕೆಯ ಮಾತೇ ಸರಿಯೆಂದು ನನಗೆ ತೋರಿತು. ಕೊನೆಗೆ ಒಡವೆ ಬಿಡಿಸಲು ಬೇಕಾದಷ್ಟು ಮೂಟೆಗಳನ್ನು ಕೂಡಲೇ ಮಾರಿ, ಉಳಿದದ್ದನ್ನು ಇಡಲು ಒಪ್ಪಿದರು. ಈಗ ಅವರ ನಿದ್ದೆ ಸುಧಾರಿಸಿದೆ. ಚಾರ್ಟ್ ನೋಡುವುದು ಪೂರ್ತಿ ನಿಂತಿಲ್ಲ. ಕುಯಿಲು ಮುಗಿದ ಮೇಲೆ ಸಣ್ಣ ಬಂಡವಾಳದಲ್ಲಿ ಮರಳಬೇಕೆಂಬ ಆಸೆ ಅವರಿಗಿದೆ, ಪತ್ನಿಗೆ ಸುತರಾಂ ಒಪ್ಪಿಗೆಯಿಲ್ಲ. ಅದನ್ನು ಮುಂದಿನ ಭೇಟಿಯಲ್ಲಿ ಮಾತನಾಡಲಿದ್ದೇವೆ. ಬರುವಾಗ ಲೆಕ್ಕಪರಿಶೋಧಕರು ಸಿದ್ಧಪಡಿಸಿದ ಪಟ್ಟಿಯನ್ನೂ ಮನೋವೈದ್ಯರ ಚೀಟಿಯನ್ನೂ ತರಲು ಇಬ್ಬರಿಗೂ ಹೇಳಿದ್ದೇನೆ.