ಟವೆಲ್ ಕೆಳಗೆ ಮುಚ್ಚಿಟ್ಟ ಗಿಲಕಿನ 6 ತಿಂಗಳ ಪಾಪು ಯಾಕೆ ಹುಡುಕಲ್ಲ? ಮಾಯ ಆಯ್ತು ಅಂದ್ಕೊಳುತ್ತಾ?

ಮಕ್ಕಳ ಬುದ್ಧಿ ಬೆಳೆಯೋದನ್ನ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಹೆಚ್ಚುಕಮ್ಮಿ ಹಾಗೇ ಅಂದಿದ್ರು, ಸುಮಾರು 8 ತಿಂಗಳ ತನಕ ಕಣ್ಣಿಗೆ ಕಾಣದ್ದು ಮಗು ಪಾಲಿಗೆ ಇಲ್ಲವೇ ಇಲ್ಲ ಅಂತ. ಆದ್ರೆ ಅವರು ನೋಡಿದ್ದು ಮಗು ಕೈ ಚಾಚುತ್ತಾ ಇಲ್ವಾ ಅನ್ನೋದನ್ನ. 1985ರಲ್ಲಿ ಬೈಯಾರ್ಜನ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಜೊತೆಯವರು ಮಗು ಕೈ ಬದಲು ಕಣ್ಣು ಗಮನಿಸಿದ್ರು: 5 ತಿಂಗಳ ಮಕ್ಕಳ ಮುಂದೆ ಒಂದು ಡಬ್ಬ, ಅದನ್ನ ಮರೆ ಮಾಡೋ ಹಲಗೆ, ಆ ಹಲಗೆ ಡಬ್ಬಕ್ಕೆ ತಾಗದೆ ಅದರೊಳಗಿಂದಾನೇ ಹಾದು ಹೋದ ಹಾಗೆ ಹಿಂದಕ್ಕೆ ಪೂರ್ತಿ ಮಲಗಿದ್ರೆ ಮಕ್ಕಳು ಜಾಸ್ತಿ ಹೊತ್ತು ದಿಟ್ಟಿಸ್ತಿದ್ವು, ಅಂದ್ರೆ ಡಬ್ಬ ಅಲ್ಲೇ ಇದೆ ಅಂತ ಗೊತ್ತಿತ್ತು ಅಂತ ಅವರ ವಾದ (ಎಲ್ರೂ ಒಪ್ಪಲ್ಲ, ನನಗೆ ಸರಿ ಅನ್ಸುತ್ತೆ).

ಗೊತ್ತಿರೋದು ಬೇರೆ, ಟವೆಲ್ ಎತ್ತಿ ತೆಗೆಯೋದು ಬೇರೆ. ಅದಕ್ಕೆ ನೆನಪು, ಕೈ ಹಿಡಿತ, ಮೆದುಳಿನ ಮುಂಭಾಗ ಎಲ್ಲಾ ಬಲೀಬೇಕು.

ಇಲ್ಲಿ ಡೊಂಬಿವಲಿಲಿ ಅಕ್ಕನ ಮಗಳಿಗೆ ಈಗ 9 ತಿಂಗಳು. ಗಿಲಕಿನ ಎಡಗಡೆ ದಿಂಬಿನ ಕೆಳಗೆ ಒಂದೆರಡು ಸಲ ಇಟ್ಟು, ಆಮೇಲೆ ಅವಳ ಕಣ್ಣೆದುರೇ ಬಲಗಡೆ ಬಚ್ಚಿಟ್ರೂ ಮತ್ತೆ ಎಡಗಡೆಗೇ ಕೈ ಹಾಕ್ತಾಳೆ, ಅಜ್ಜಿಗೆ ನಗುವೋ ನಗು. 8ರಿಂದ 12 ತಿಂಗಳಲ್ಲಿ ಇದು ಮಾಮೂಲಿ, ಬಚ್ಚಿಟ್ಟ ತಕ್ಷಣ ಹುಡುಕೋಕೆ ಬಿಟ್ರೆ ತಪ್ಪೋದು ಕಡಿಮೆ.