ಹಳೆಯ ಕಂಪನಿ ನಾಟಕವನ್ನು ಇಂದು ಮತ್ತೆ ಆಡುವುದಾದರೆ ಕತ್ತರಿ ಎಲ್ಲಿ ಹಾಕಬೇಕು?

ನಿಮ್ಮ ಪ್ರಶ್ನೆ ಇಷ್ಟು: 1930ರ ದಶಕದ ಒಂದು ಕಂಪನಿ ನಾಟಕದ ಅಚ್ಚಾದ ಪುಸ್ತಕ ಸಿಕ್ಕಿದೆ. 58 ಹಾಡುಗಳಿವೆ, ಪೂರ್ತಿ ಆಡಿದರೆ 5 ಗಂಟೆ ಮೀರುತ್ತದೆ, ಹಾಡುಗಳ ಧಾಟಿ ತಂಡದಲ್ಲಿ ಯಾರಿಗೂ ಗೊತ್ತಿಲ್ಲ. ಇದನ್ನು ಎರಡೂಕಾಲು ಗಂಟೆಗೆ ಇಳಿಸಿ ಇಂದಿನ ಪ್ರೇಕ್ಷಕರ ಮುಂದೆ ಇಡುವುದು ಹೇಗೆ?

ಖಂಡಿತ ಆಗುವ ಕೆಲಸ. ಆದರೆ ಹೆಚ್ಚಿನ ತಂಡಗಳು ಮೊದಲ ದಿನವೇ ಕೆಂಪು ಪೆನ್ನು ಹಿಡಿದು ಹಾಡು ಹೊಡೆದುಹಾಕುತ್ತವೆ, ನಾಟಕ ಅಲ್ಲೇ ಕೈತಪ್ಪುತ್ತದೆ. ಯಾವ ದೃಶ್ಯ, ಯಾವ ಹಾಡು ಆಗ ರಂಗದ ಮೇಲೆ ಏನು ಕೆಲಸ ಮಾಡುತ್ತಿತ್ತು ಎಂದು ತಿಳಿಯುವ ತನಕ ಒಂದು ಸಾಲನ್ನೂ ತೆಗೆಯಬೇಡಿ.

ಹಕ್ಕಿನ ವಿಷಯ ಮೊದಲೇ ಮುಗಿಸಿಕೊಳ್ಳಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕರ್ತೃ ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. 1961ರಲ್ಲಿ ತೀರಿಕೊಂಡವರ ನಾಟಕ 2022ರ ಜನವರಿ 1ರಿಂದ ಎಲ್ಲರದು. ಅವರ ಜೀವಿತಕಾಲದಲ್ಲೇ ಅಚ್ಚಾಗಿದ್ದರೆ ಪುಸ್ತಕದ ಇಸವಿ ಈ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿ ನಾಟಕಗಳಲ್ಲಿ ಮಾತು ಒಬ್ಬರದು, ಹಾಡು ಇನ್ನೊಬ್ಬರದು ಆಗಿರುವುದುಂಟು. ಇಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಿ. ಹಕ್ಕು ಇನ್ನೂ ವಾರಸುದಾರರ ಬಳಿ ಇದ್ದರೆ ಅನುಮತಿಪತ್ರದಲ್ಲಿ ಮೂರು ಮಾತು ಬಿಡಿಬಿಡಿಯಾಗಿ ಇರಲಿ: ಆಡಲು, ಕತ್ತರಿಸಿ ತಿದ್ದಲು, ಚಿತ್ರೀಕರಿಸಿ ಅಂತರಜಾಲಕ್ಕೆ ಹಾಕಲು. ಆಡಲು ಒಪ್ಪಿದವರು ತಿದ್ದಲೂ ಒಪ್ಪಿದ್ದಾರೆ ಎಂದುಕೊಂಡರೆ ಪ್ರದರ್ಶನದ ಹೊತ್ತಿಗೆ ತಕರಾರು ಬರುತ್ತದೆ.

ಈಗ ಧಾಟಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಕಷ್ಟದ್ದೂ ಅತಿ ಸಂತೋಷದ್ದೂ ಇದೇ. ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ ಒಂದೋ ರಾಗ, ತಾಳದ ಹೆಸರು ಇರುತ್ತದೆ, ಇಲ್ಲವೇ ಬೇರೊಂದು ಹಾಡಿನ ಮೊದಲ ಸಾಲು ಕೊಟ್ಟು 'ಎಂಬ ಮಟ್ಟು', ಅಂದರೆ ಆ ಹಾಡಿನ ಧಾಟಿಯಲ್ಲೇ ಹಾಡಿ, ಎಂದು ಬರೆದಿರುತ್ತದೆ. ರಾಗದ ಹೆಸರನ್ನು ಹಾಗೇ ನಂಬಬೇಡಿ, ಪುಸ್ತಕ ಯಾವ ಸೀಮೆಯದು ಎಂದು ಮೊದಲು ನೋಡಿ. ಗದಗ, ಹುಬ್ಬಳ್ಳಿ ಕಡೆಯ ಕಂಪನಿಯ ಪುಸ್ತಕದಲ್ಲಿ 'ಭೈರವಿ' ಎಂದಿದ್ದರೆ ಅದು ಹಿಂದುಸ್ತಾನಿ ಭೈರವಿ ಆಗಿರುವ ಸಂಭವ ಹೆಚ್ಚು. ಮೈಸೂರು ಸೀಮೆಯದರಲ್ಲಿ ಅದು ಎರಡೂ ಧೈವತ (ಧ ಸ್ವರ) ಬರುವ ಕರ್ನಾಟಕ ಭೈರವಿ ಇರಬಹುದು. 'ತೋಡಿ'ಯಲ್ಲೂ ಇದೇ ತೊಡಕು: ಕರ್ನಾಟಕ ತೋಡಿಯ ಸ್ವರಗಳು ಹಿಂದುಸ್ತಾನಿ ಭೈರವಿ ಥಾಟಿನವು (ಥಾಟ್ ಅಂದರೆ ರಾಗಗಳ ಮೂಲ ಸ್ವರಗುಂಪು), ಹಿಂದುಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. 'ಹಿಂದೋಳ' ಇದ್ದರೆ ಅದು ಹಿಂದುಸ್ತಾನಿಯ ಮಾಲಕಂಸಕ್ಕೆ ಸಮನಾದ ಕರ್ನಾಟಕ ಹಿಂದೋಳವೋ ಹಿಂದುಸ್ತಾನಿಯ ಹಿಂಡೋಲವೋ ಎಂದು ತೀರ್ಮಾನಿಸದೆ ಹಾರ್ಮೋನಿಯಂ ಮುಟ್ಟಬೇಡಿ. ತಪ್ಪು ರಾಗದಲ್ಲಿ ಕೂರಿಸಿದ ಶೋಕದ ಹಾಡು ಮೂರು ವಾರ ಅಭ್ಯಾಸ ಮಾಡಿದರೂ ಎದೆಗೆ ಇಳಿಯುವುದಿಲ್ಲ. ನಟಿಯ ಅಭಿನಯ ಸಾಲದೆಂದು ಎಲ್ಲರೂ ಅಂದುಕೊಳ್ಳುತ್ತಾರೆ, ತಪ್ಪು ಬೇರೆ ಕಡೆ ಇರುತ್ತದೆ.

'ಎಂಬ ಮಟ್ಟು' ಎಂದಿರುವ ಹಾಡಿಗೆ ದಾರಿ ಬೇರೆ. ಪ್ರತಿ ಸಾಲಿನ ಮಾತ್ರೆ ಎಣಿಸಿ ಬರೆದುಕೊಳ್ಳಿ, ಗುರು ಎಲ್ಲಿ ಬೀಳುತ್ತದೆ ಎಂದು ಗುರುತು ಮಾಡಿ. ಮೂಲ ಹಾಡು ಹೆಚ್ಚಾಗಿ ಮರಾಠಿ ರಂಗಗೀತೆಯೋ ಪಾರ್ಸಿ ನಾಟಕದ್ದೋ ಜಾವಳಿಯೋ ಆಗಿರುತ್ತದೆ. ಸಿಕ್ಕ ಧಾಟಿಯ ಮೇಲೆ ಕನ್ನಡ ಸಾಲು ಎಳೆದಾಟವಿಲ್ಲದೆ ಕುಳಿತರೆ ಅದೇ ಸರಿ. ಸಾಲಿಗೆ ಎರಡು ಮೂರು ಮಾತ್ರೆ ಎಳೆಯಬೇಕಾಗಿ ಬಂದರೆ ಇನ್ನೊಂದನ್ನು ಹುಡುಕಿ.

78 ತಿರುವಿನ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಒಂದೆರಡು ಹಾಡು ಸಿಕ್ಕರೆ ಅದೃಷ್ಟ. ಆದರೆ ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78ರಲ್ಲೇ ಧ್ವನಿಮುದ್ರಣ ಆದವಲ್ಲ. ಸುಮಾರು 73.6ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಪೂರ್ತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀಲಿಯಷ್ಟು, ಏರುತ್ತದೆ, ಲಯವೂ ಓಡುತ್ತದೆ. ಹಿಮ್ಮೇಳದ ಹಾರ್ಮೋನಿಯಂ ಸ್ವರ ಅಕ್ಕಪಕ್ಕದ ಎರಡು ಕೀಲಿಗಳ ನಡುವೆ ನಿಂತಂತೆ ಕೇಳಿದರೆ ವೇಗ ತಪ್ಪಿದೆ ಎಂದು ತಿಳಿಯಿರಿ. ಕಂಪನಿಗಳಲ್ಲಿ ಹಾಡಿದ ಹಿರಿಯರು ಸಿಕ್ಕರೆ ಅವರ ಮುಂದೆ ನೀವಾಗಿ ಶ್ರುತಿ ಹಿಡಿಯಬೇಡಿ, ಅವರಾಗಿ ಎತ್ತಿಕೊಳ್ಳಲಿ. ಬೇರೆ ಬೇರೆ ದಿನ ಎರಡು ಸಲ ಧ್ವನಿಮುದ್ರಿಸಿ: ಎರಡರಲ್ಲೂ ಒಂದೇ ಆಗಿರುವುದು ಧಾಟಿ, ಬದಲಾಗಿದ್ದು ಆ ದಿನದ ಸಂಗತಿ, ಅಂದರೆ ಸಾಲನ್ನು ಬೇರೆ ಬೇರೆಯಾಗಿ ಹೊರಳಿಸಿ ಹಾಡಿದ್ದು. ಹಾಡಿಗೆ ಮುಂಚಿನ ನಾಲ್ಕು ಸಾಲು ಮಾತನ್ನೂ ಹೇಳಿಸಿ, ಹಾಡು ಶುರುವಾಗುವ ಎತ್ತುಗಡೆಯ ಲಯ ಅದರಲ್ಲೇ ಅಡಗಿರುತ್ತದೆ.

ಇನ್ನು ಕತ್ತರಿ. ಅಚ್ಚಿನಲ್ಲಿ 8 ಸಾಲಿರುವ ಹಾಡನ್ನು ನೇರವಾಗಿ ಹಾಡಿದರೆ ಎರಡು, ಎರಡೂವರೆ ನಿಮಿಷ. ಆಗ ಅದೇ ಹಾಡು ಆಲಾಪ, ಸಂಗತಿ, 'ಒನ್ಸ್ ಮೋರ್' ಸೇರಿ ಹತ್ತು ನಿಮಿಷಕ್ಕೂ ಬೆಳೆಯುತ್ತಿತ್ತು. ಅಂದರೆ ನಿಮ್ಮ 5 ಗಂಟೆಯಲ್ಲಿ ದೊಡ್ಡ ಪಾಲು ಹಾಡುಗಳ ಸಂಖ್ಯೆಯದಲ್ಲ, ಅವುಗಳ ವಿಸ್ತಾರದ್ದು. ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಜಾಗವಿದ್ದುದರಿಂದ ಆಗಿನ ಗಾಯಕರೇ ಹಾಡನ್ನು ಅಷ್ಟಕ್ಕೆ ಬಿಗಿ ಮಾಡಿದ್ದರು. ಅದನ್ನೇ ಮಾದರಿಯಾಗಿ ಹಿಡಿಯಿರಿ. 20ರಿಂದ 22 ಹಾಡು, ಸರಾಸರಿ ಎರಡೂವರೆ ನಿಮಿಷ, ಒಟ್ಟು 55 ನಿಮಿಷದ ಒಳಗೆ. ಮಾತಿಗೆ 65, ವಿರಾಮಕ್ಕೆ 10. ಐದು ನಿಮಿಷ ಕೈಯಲ್ಲಿ ಉಳಿಯುತ್ತದೆ, ಚಪ್ಪಾಳೆಗೆ ಅದು ಬೇಕು.

ಚರಣ ತೆಗೆಯುವಾಗ ಎಚ್ಚರ. ಕಥೆಯ ಸುದ್ದಿ ಎಷ್ಟೋ ಸಲ ಎರಡನೆಯ ಚರಣದಲ್ಲೇ ಇರುತ್ತದೆ, ಯಾರಿಗೋ ಓಲೆ ಕಳಿಸಿದ್ದು, ಉಂಗುರ ಕೊಟ್ಟಿದ್ದು ಇಂಥವು. ಪಲ್ಲವಿಯ ಮರುಕಳಿಕೆ ಮೊದಲು ಹೋಗಲಿ, ಆಮೇಲೆ ವರ್ಣನೆಯ ಚರಣ, ಕೊನೆಗೆ ಕಥೆಯ ಚರಣ. ಕಂದಪದ್ಯಗಳನ್ನು ಮಾತ್ರ ಆದಷ್ಟು ಉಳಿಸಿ. 12, 20, 12, 20 ಮಾತ್ರೆಗಳ ನಾಲ್ಕು ಸಾಲು, ತಾಳವಿಲ್ಲ, ಆಲಾಪ ಬೆಳೆಸದಿದ್ದರೆ ಅರ್ಧ ನಿಮಿಷದ ಕೆಲಸ. ಮಾತಾಡುತ್ತಿದ್ದ ಪಾತ್ರ ಇದ್ದಕ್ಕಿದ್ದಂತೆ ಹಾಡತೊಡಗಿದರೆ ಇಂದಿನವರಿಗೆ ವಿಚಿತ್ರ ಅನಿಸುತ್ತದೆ. ಮಾತಿನಿಂದ ಹಾಡಿಗೆ ಏರುವ ಮೆಟ್ಟಿಲು ಕಂದವೇ. ಎಷ್ಟೋ ಕಡೆ ಕಂದ ಉಳಿಸಿ ಅದರ ನಂತರದ ಹಾಡನ್ನು ಬಿಟ್ಟರೂ ದೃಶ್ಯ ನಿಲ್ಲುತ್ತದೆ, ಕಂದ ಬಿಟ್ಟು ಹಾಡು ಉಳಿಸಿದರೆ ನಿಲ್ಲುವುದಿಲ್ಲ.

ಹಾಸ್ಯದ ದೃಶ್ಯಗಳು ಕಥೆಗೆ ಸಂಬಂಧವೇ ಇಲ್ಲದಂತೆ ಕಾಣುತ್ತವೆ, ಎಲ್ಲರೂ ಮೊದಲು ಅವನ್ನೇ ಕಿತ್ತುಹಾಕುವುದು. ಆದರೆ ರಸ್ತೆಯ ಚಿತ್ರ ಬರೆದ ಪರದೆ ಇಳಿಸಿ ಮುಂದೆ ಹಾಸ್ಯ ನಡೆಯುವಾಗ ಹಿಂದೆ ದರ್ಬಾರು ಸೀನು ಸಜ್ಜಾಗುತ್ತಿತ್ತು, ನಾಯಕಿ ಸೀರೆ ಬದಲಿಸುತ್ತಿದ್ದಳು, ಹಾಡಿ ದಣಿದ ಗಂಟಲಿಗೆ ಬಿಡುವು ಸಿಗುತ್ತಿತ್ತು. ಇಂದು ಸೀನು ಸಜ್ಜು ಮಾಡುವ ಅಗತ್ಯ ತಪ್ಪಿದರೂ ಉಳಿದೆರಡು ತಪ್ಪಿಲ್ಲ. ಹಾಸ್ಯ ತೆಗೆದ ಮೇಲೆ ನಾಯಕಿಗೆ ಸಾಲಾಗಿ ನಾಲ್ಕು ಹಾಡು ಬಿದ್ದು ಮೂರನೆಯದರಲ್ಲಿ ಧ್ವನಿ ಒಡೆಯುತ್ತದೆ. ಆದ್ದರಿಂದ ದೊಡ್ಡ ಹಾಳೆಯ ಮೇಲೆ ದೃಶ್ಯವಾರು ಪಟ್ಟಿ ಮಾಡಿ: ಯಾರು ರಂಗದಲ್ಲಿ, ಯಾರು ಬಟ್ಟೆ ಬದಲಿಸುತ್ತಿದ್ದಾರೆ, ಯಾರು ಆಗಷ್ಟೇ ಹಾಡಿದರು. ಎಂಟು ನಿಮಿಷದ ಹಾಸ್ಯವನ್ನು ಎರಡೂವರೆಗೆ ಇಳಿಸಿ, ಪೂರ್ತಿ ಅಳಿಸಬೇಡಿ.

ಜಾತಿ ಹಿಡಿದು ಆಡುವ, ತೊದಲುವವರನ್ನು ಅಣಕಿಸುವ ಮಾತುಗಳು ಬರುವುದೂ ಈ ದೃಶ್ಯಗಳಲ್ಲೇ. ಅವನ್ನು ನಿಸ್ಸಂಕೋಚವಾಗಿ ತೆಗೆಯಿರಿ. ಹಾಸ್ಯನಟ ಆ ಊರಿನ, ಆ ದಿನದ ಸಂಗತಿ ಹಿಡಿದು ಮಾತು ಸೇರಿಸುವುದು ಕಂಪನಿಯ ಪದ್ಧತಿಯೇ ಆಗಿತ್ತು, ಹೊಸ ಮಾತು ಬರೆದರೆ ಪರಂಪರೆಗೆ ದ್ರೋಹವಲ್ಲ. ಆ ಸ್ವಾತಂತ್ರ್ಯ ಹಾಸ್ಯಪಾತ್ರಕ್ಕೆ ಮಾತ್ರ ಇರಲಿ. ಗಂಡನ ಅನ್ಯಾಯವನ್ನೆಲ್ಲ ಸಹಿಸುವ ನಾಯಕಿಯ ಬಾಯಲ್ಲಿ ಕೊನೆಗೆ ಇಂದಿನ ಭಾಷೆಯ ಭಾಷಣ ತುರುಕಿದರೆ ಅದು ಅವಳದಾಗಿ ಕೇಳುವುದಿಲ್ಲ. ಅವಳ ಸಿಟ್ಟು, ಪ್ರಶ್ನೆ ಇರುವ ಪದ್ಯಗಳು ಪುಸ್ತಕದಲ್ಲೇ ಎಲ್ಲೋ ಇರುತ್ತವೆ. ಅವನ್ನು ಮುಂದಕ್ಕೆ ತನ್ನಿ, ಗಂಡನನ್ನು ಹೊಗಳುವ ಹಾಡನ್ನು ಬಿಡಿ. ಅದೇ ಪಾತ್ರ ಬೇರೆಯಾಗಿ ಕಾಣುತ್ತದೆ. ಉಳಿದ ಗದ್ಯವನ್ನು ಆಡುಮಾತಿಗೆ ಇಳಿಸಬೇಡಿ, ಅದರ ಪ್ರಾಸವೇ ಅದರ ಲಯ. ಕಥೆ ಅರ್ಥವಾಗಲು ಅಡ್ಡ ಬರುವ ಪದಗಳನ್ನಷ್ಟೇ ಬದಲಿಸಿ.

ಶ್ರುತಿಯ ಲೆಕ್ಕ: ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟಿಸಲು ಗಂಡಸರೂ ಬಹಳ ಎತ್ತರದಲ್ಲಿ ಹಾಡುತ್ತಿದ್ದರು, ಸ್ತ್ರೀಪಾತ್ರವೂ ಎಷ್ಟೋ ಕಡೆ ಗಂಡಸರದೇ. ಇಂದಿನ ನಟರಿಗೆ ಒಂದರಿಂದ ಎರಡನೆಯ ಮನೆಯ ಶ್ರುತಿ (C-D), ನಟಿಯರಿಗೆ ಐದರಿಂದ ಆರನೆಯ ಮನೆಯದು (G-A) ಹೊಂದುತ್ತದೆ. ತೊಂದರೆ ಯುಗಳ ಗೀತೆಯಲ್ಲಿ. ಅವನ ಪಂಚಮವನ್ನೇ ಅವಳ ಷಡ್ಜ ಮಾಡಿ, ನಡುವೆ ಒಂದು ಸಾಲು ಮಾತು ಇಟ್ಟರೆ ಹಾರ್ಮೋನಿಯಂ ಮೇಷ್ಟ್ರಿಗೆ ಬದಲಿಸಲು ಸಮಯ ಸಿಗುತ್ತದೆ. ಕಾಲಿನಿಂದ ಪೆಡಲು ತುಳಿದು ನುಡಿಸುವ ಹಳೆಯ ಲೆಗ್ ಹಾರ್ಮೋನಿಯಂ ಸಿಕ್ಕರೆ ಬಳಸಿ, ಅದರ ನಾದಕ್ಕೆ ಸಾಟಿಯಿಲ್ಲ. ಆದರೆ ಅದರ ರೀಡುಗಳು ಇಂದಿನ ಅಳತೆಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತವೆ, ಜೊತೆಗೆ ಕೀಬೋರ್ಡ್ ಸೇರಿಸಿದರೆ ಕಿವಿಗೆ ಅಲೆಯಂತೆ ಬಡಿಯುತ್ತದೆ. ಪಿಟೀಲು, ತಬಲಾ ಸಾಕು. ಮೈಕನ್ನು ಪೆಡಲಿನಿಂದ ದೂರ, ರೀಡಿನ ಮಟ್ಟದಲ್ಲಿ ಇಡಿ, ಇಲ್ಲವಾದರೆ ಕಾಲಿನ ಸದ್ದೇ ಮುಂದಾಗುತ್ತದೆ.

ರಂಗಸಜ್ಜಿಕೆಯಲ್ಲಿ ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದ ಆನೆ ಕುದುರೆಗಳ ಜೊತೆ ಪೈಪೋಟಿ ಬೇಡ. ರಸ್ತೆ, ದರ್ಬಾರು, ಕಾಡು, ಈ ಮೂರು ಬರೆದ ಪರದೆ ಸಾಕು. ಅವು ಎದುರಿನ ಸಮ ಬೆಳಕಿಗಾಗಿ ಬರೆದವು. ಪಕ್ಕದಿಂದ ಬೆಳಕು ಬಿಟ್ಟರೆ ಸುಕ್ಕು ಎದ್ದು ಕಾಣುತ್ತದೆ. ನಟರು ಪರದೆಯಿಂದ 4-5 ಅಡಿ ಮುಂದಿರಲಿ, ಇಲ್ಲವಾದರೆ ನೆರಳು ಅರಮನೆಯ ಕಂಬದ ಮೇಲೆ ಬೀಳುತ್ತದೆ.

ಅಭ್ಯಾಸಕ್ಕೆ 12 ವಾರ ಇಟ್ಟುಕೊಳ್ಳಿ, ಮೊದಲ ನಾಲ್ಕು ವಾರ ಬರೀ ಹಾಡು. ನಟರು ಆ ಶೈಲಿಯನ್ನು ಅಣಕವಾಡಿದರೆ ಅಲ್ಲೇ ತಡೆಯಿರಿ. ಒಬ್ಬ ಕಣ್ಣು ಮಿಟುಕಿಸಿದರೆ ಮುಂದಿನ ಶೋಕದ ದೃಶ್ಯವನ್ನೂ ಜನ ನಗುತ್ತಲೇ ನೋಡುತ್ತಾರೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದರು. ಆ ಶೈಲಿಯನ್ನು ಪೂರ್ತಿ ನಂಬಿ ಆಡಿದರೆ ಹೊಸ ಪ್ರೇಕ್ಷಕರೂ ಒಪ್ಪುತ್ತಾರೆ ಎನ್ನುವುದಕ್ಕೆ ಅದು ಸಾಕ್ಷಿ. ಹತ್ತನೆಯ ವಾರ 30-40 ಜನರನ್ನು ಕೂರಿಸಿ ಒಮ್ಮೆ ಪೂರ್ತಿ ಆಡಿ. ಯಾವ ಹಾಡಿನಲ್ಲಿ ಫೋನು ಹೊರಬಂತು ಎಂದು ಒಬ್ಬರು ಬರೆದುಕೊಳ್ಳಲಿ, ಕೊನೆಯ ಕತ್ತರಿ ಅಲ್ಲಿ.

ಆರಂಭದ ಪ್ರಾರ್ಥನೆಯಾದ ನಾಂದಿಯನ್ನು ಒಂದು ನಿಮಿಷಕ್ಕೆ ಇಳಿಸಬಹುದು, ಕೊನೆಯ ಹಾಡಾದ ಮಂಗಳವನ್ನು ಮಾತ್ರ ಬಿಡಬೇಡಿ. ಸತ್ತ ಪಾತ್ರಗಳೂ ಎದ್ದು ಬಂದು, ಬಣ್ಣದಲ್ಲೇ ಸಾಲಾಗಿ ನಿಂತು, ಮೇಳದವರೂ ಸೇರಿ ಹಾಡುವ ಆ ನಾಲ್ಕು ಸಾಲಿನ ಮೇಲೆ ಪರದೆ ಬೀಳಲಿ.